ಸ್ಟಾರ್ ಕೊಟ್ಟರೂ ಮಕ್ಕಳು ಯಾಕೆ ಬದಲಾಗುತ್ತಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನ ಹೊರವಲಯದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೇ ತರಗತಿಯ ಟೀಚರ್. ಕ್ಲಾಸಲ್ಲಿ 36 ಮಕ್ಕಳಿದ್ದಾರೆ. ಈ ವರ್ಷ ‘ಒಳ್ಳೆ ಕೆಲಸದ ಗೋಡೆ’ ಅಂತ ಮಾಡಿದ್ದೇವೆ. ಯಾರಿಗಾದರೂ ಸಹಾಯ ಮಾಡಿದ ಮಗುವಿನ ಹೆಸರಿನ ಮುಂದೆ ಒಂದು ಸ್ಟಾರ್ ಅಂಟಿಸುತ್ತೇವೆ. ತಿಂಗಳ ಕೊನೆಗೆ ಜಾಸ್ತಿ ಸ್ಟಾರ್ ಬಂದವರಿಗೆ ಬಹುಮಾನ. ಎರಡು ತಿಂಗಳಾಯಿತು, ಕ್ಲಾಸಿನ ವಾತಾವರಣ ಮಾತ್ರ ಹಾಗೇ ಇದೆ. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬದ ಒಬ್ಬ ಹುಡುಗಿ ಜುಲೈನಲ್ಲಿ ಸೇರಿದಳು. ಅವಳು ಬಾಯಿ ಬಿಟ್ಟರೆ ಸಾಕು, ಕೆಲವರು ಅದೇ ಧಾಟಿಯಲ್ಲಿ ಅಣಕಿಸುತ್ತಾರೆ. ಈಗ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಬಿಸಿಯೂಟದ ಹೊತ್ತಲ್ಲಿ ವರಾಂಡದ ಕಂಬದ ಪಕ್ಕ ಒಬ್ಬಳೇ ಕೂತು ಉಣ್ಣುತ್ತಾಳೆ. ಬೈದು ನೋಡಿದೆ, ಪ್ರಾರ್ಥನೆಯಲ್ಲಿ ಬುದ್ಧಿ ಹೇಳಿ ನೋಡಿದೆ. ದಿನಾ ಮಾಡುವ ಸಣ್ಣ ಸಣ್ಣ ಒಳ್ಳೆ ಕೆಲಸಗಳಿಂದ ಶಾಲೆ ಬದಲಾಗುತ್ತೆ ಅಂತಾರಲ್ಲ, ಅದು ನಿಜವಾ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೇಡಂ, ನಿಮ್ಮ ಪತ್ರ ಓದಿ ಮುಗಿಸಿದ ಮೇಲೂ ಆ ಕಂಬ ನನ್ನ ಕಣ್ಣಿಂದ ಹೋಗಲಿಲ್ಲ. ಒಂದು ಮಗು ದಿನಾ ಅಲ್ಲಿ ಒಂಟಿಯಾಗಿ ಉಣ್ಣುತ್ತೆ, ಅದು ನಿಮ್ಮ ಕಣ್ಣಿಗೆ ಬಿದ್ದಿದೆ. ಎಷ್ಟೋ ಶಾಲೆಗಳಲ್ಲಿ ಅಂಥ ಮಗು ಯಾರಿಗೂ ಕಾಣುವುದೇ ಇಲ್ಲ. ಜಗಳ ಮಾಡುವವರು ಕಾಣುತ್ತಾರೆ, ಸುಮ್ಮನೆ ಕೂತವರು ಕಾಣುವುದಿಲ್ಲ.

ನೀವು ಕೇಳಿದ್ದು ನಿಜವಾ ಅಂತ. ಹೌದು, ನಿಜ. ಮೂವತ್ತು ವರ್ಷ ಮೇಷ್ಟ್ರಾಗಿ, ಆಮೇಲೆ ಸಿಆರ್‌ಪಿಯಾಗಿ (ಸುತ್ತಲಿನ ಶಾಲೆಗಳ ಟೀಚರ್‌ಗಳಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ) ಶಾಲೆಯಿಂದ ಶಾಲೆಗೆ ಓಡಾಡಿ ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಒಳ್ಳೆ ಕೆಲಸಕ್ಕೆ ಬೆಲೆ ಕಟ್ಟೋಕೆ ಶುರು ಮಾಡಿದ ದಿನ ಅದು ಬೇರೇನೋ ಆಗಿಬಿಡುತ್ತೆ. ನಿಮ್ಮ ಗೋಡೆಯಲ್ಲಿ ಆಗಿರುವುದು ಅದೇ ಅಂತ ನನಗೆ ಅನಿಸುತ್ತದೆ.

ನಾನೂ ಇದನ್ನು ಮಾಡಿದವನೇ. ಇಪ್ಪತ್ತು ವರ್ಷದ ಹಿಂದೆ ಆರನೇ ತರಗತಿಯಲ್ಲಿ ದೊಡ್ಡ ಚಾರ್ಟ್ ಹಾಳೆ ಅಂಟಿಸಿ, ಮಕ್ಕಳ ಹೆಸರು ಬರೆದು, ಸಹಾಯ ಮಾಡಿದವರಿಗೆ ಕೆಂಪು ಚುಕ್ಕೆ ಇಡುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿಯ ಜಾಮಿಟ್ರಿ ಬಾಕ್ಸ್ ಕಾಣೆಯಾಯಿತು. ಹೊಸ ಬಾಕ್ಸ್ ಅದು. ಗಣಿತದ ಪೀರಿಯಡ್ ಪೂರ್ತಿ ಅವಳು ಅಳುತ್ತಾ ಕೂತಿದ್ದಳು. ಊಟದ ಬೆಲ್ ಹೊಡೆಯುವ ಹೊತ್ತಿಗೆ ಒಬ್ಬ ಹುಡುಗ ಓಡಿ ಬಂದ. “ಸಾರ್, ಸಿಕ್ತು ಸಾರ್, ನೀರಿನ ಡ್ರಮ್ ಹಿಂದೆ ಬಿದ್ದಿತ್ತು” ಅಂತ ಕೊಟ್ಟ. ಕೊಟ್ಟವನು ಜಾಗಕ್ಕೆ ಹೋಗಲಿಲ್ಲ. ಚಾರ್ಟ್ ಕಡೆ ನೋಡುತ್ತಾ ನಿಂತ. ಅದನ್ನು ಅಲ್ಲಿ ಇಟ್ಟವನೂ ಅವನೇ ಅಂತ ಸಂಜೆ ಗೊತ್ತಾಯಿತು. ಹೊಡೆಯುವಷ್ಟು ಸಿಟ್ಟು ಬಂತು. ಆದರೆ ಆ ಹುಡುಗನ ಮುಖದಲ್ಲಿ ಕಳ್ಳತನ ಇರಲಿಲ್ಲ. ನಾನು ಚುಕ್ಕೆ ಇಡಲು ಏನು ಬೇಕು ಅಂತ ಹೇಳಿದ್ದೆನೋ ಅದನ್ನೇ ಅವನು ತಯಾರು ಮಾಡಿ ತಂದಿದ್ದ. ಅಳುತ್ತಿದ್ದ ಹುಡುಗಿ ಅವನ ಕಣ್ಣಿಗೇ ಬಿದ್ದಿರಲಿಲ್ಲ. ಆ ಚಾರ್ಟ್ ಹಾಕಿದ್ದು ನಾನು. ಮಾರನೇ ದಿನ ತೆಗೆದೆ.

ಇದು ನನ್ನೊಬ್ಬನ ಅನುಭವ ಅಂದುಕೊಳ್ಳಬೇಡಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಇಬ್ಬರು ಸಂಶೋಧಕರು ಪುಟ್ಟ ಮಕ್ಕಳ ಜೊತೆ ಈ ವಿಷಯದಲ್ಲಿ ಕೆಲಸ ಮಾಡಿದ್ದಾರೆ. 2006ರಲ್ಲಿ ಅವರು ತೋರಿಸಿದ್ದು ಇದು: ದೊಡ್ಡವರೊಬ್ಬರು ಬಟ್ಟೆ ಒಣಹಾಕುವ ಕ್ಲಿಪ್ ಕೈಜಾರಿ ಬೀಳಿಸಿ ಎಟುಕಿಸಿಕೊಳ್ಳಲು ಒದ್ದಾಡಿದರೆ, 18 ತಿಂಗಳ ಮಗು ಕೂಡ ತಾನಾಗಿ ಎದ್ದು ಹೋಗಿ ಎತ್ತಿ ಕೊಡುತ್ತದೆ. ಯಾರೂ ಹೇಳಿಕೊಟ್ಟಿರಲಿಲ್ಲ. 2008ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 20 ತಿಂಗಳ ಮಕ್ಕಳಲ್ಲಿ ಕೆಲವರಿಗೆ ಸಹಾಯ ಮಾಡಿದಾಗಲೆಲ್ಲ ಆಟದ ಸಾಮಾನು ಕೊಟ್ಟರು, ಕೆಲವರಿಗೆ ಬಾಯಲ್ಲಿ ಮೆಚ್ಚುಗೆ ಹೇಳಿದರು, ಕೆಲವರಿಗೆ ಏನೂ ಕೊಡಲಿಲ್ಲ. ಆಮೇಲೆ ಎಲ್ಲ ನಿಲ್ಲಿಸಿ ನೋಡಿದರು. ಸಾಮಾನು ಪಡೆದ ಮಕ್ಕಳು ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು. ಎರಡು ವರ್ಷ ತುಂಬದ ಕೂಸುಗಳ ವಿಷಯವೇ ಹೀಗಾದರೆ, ನಿಮ್ಮ ಐದನೇ ತರಗತಿಯವರು ಲೆಕ್ಕಾಚಾರದಲ್ಲಿ ಎಷ್ಟು ಚುರುಕು ಅಂತ ನಿಮಗೇ ಗೊತ್ತು.

ಗೋಡೆಯನ್ನು ಇವತ್ತೇ ಕಿತ್ತು ಹಾಕಬೇಡಿ. ಸ್ಟಾರ್ ಗಳಿಸಿದ ಮಕ್ಕಳಿಗೆ ಬೇಜಾರಾಗುತ್ತದೆ. ಈ ತಿಂಗಳು ಮುಗಿಯಲಿ, ಮುಂದಿನ ತಿಂಗಳು ಹೊಸ ಹಾಳೆ ಅಂಟಿಸದೆ ಬಿಡಿ. ಅದರ ಜಾಗಕ್ಕೆ ಒಂದು ಅಭ್ಯಾಸ ತನ್ನಿ. ಸಂಜೆ ಬೆಲ್‌ಗೆ ಮೂರು ನಿಮಿಷ ಇರುವಾಗ, “ಇವತ್ತು ನಿಮಗೆ ಯಾರಾದರೂ ಏನಾದರೂ ಸಹಾಯ ಮಾಡಿದ್ರಾ?” ಅಂತ ಕೇಳಿ. ಮಾಡಿದವರು ಹೇಳಬಾರದು, ಪಡೆದವರು ಹೇಳಬೇಕು. “ನನ್ನ ರಬ್ಬರ್ ಕೆಳಗೆ ಬಿದ್ದಿತ್ತು, ಇವನು ಎತ್ತಿಕೊಟ್ಟ.” ಅಷ್ಟೇ ಸಾಕು. ಎರಡು ಮೂರು ಮಕ್ಕಳು ಹೇಳಿದರೆ ಸಾಕು, ಎಲ್ಲರೂ ಹೇಳಲೇಬೇಕು ಅಂತಿಲ್ಲ. ಯಾರ ಹೆಸರನ್ನೂ ಬರೆದುಕೊಳ್ಳಬೇಡಿ. ಮೊದಲ ವಾರ ಮಕ್ಕಳು ತಡವರಿಸುತ್ತಾರೆ, ಯಾರೂ ಏನೂ ಮಾಡಿಲ್ಲ ಅನ್ನುತ್ತಾರೆ. ಆಮೇಲೆ ನೆನಪಿಟ್ಟುಕೊಳ್ಳಲು ಶುರು ಮಾಡುತ್ತಾರೆ. ತನಗೆ ಆದ ಉಪಕಾರ ಗುರುತಿಸುವ ಕಣ್ಣು ಬಂದ ಮೇಲೆ, ಬೇರೆಯವರಿಗೆ ಏನು ಬೇಕು ಅಂತ ನೋಡುವ ಕಣ್ಣೂ ಬರುತ್ತದೆ. ನನ್ನ ಕ್ಲಾಸಲ್ಲಿ ಅದು ಬಂದಿದ್ದನ್ನು ನೋಡಿದ್ದೇನೆ.

ಕೆನಡಾದ ವ್ಯಾಂಕೂವರ್‌ನ ಶಾಲೆಗಳಲ್ಲಿ ನಡೆದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ನಿಮ್ಮ ಮಕ್ಕಳ ವಯಸ್ಸಿನವರೇ, 9ರಿಂದ 11. ಹತ್ತೊಂಬತ್ತು ಕ್ಲಾಸ್‌ಗಳ ನಾನೂರಕ್ಕೂ ಹೆಚ್ಚು ಮಕ್ಕಳು. ನಾಲ್ಕು ವಾರ ಕೆಲವರಿಗೆ ವಾರಕ್ಕೆ ಮೂರು ಒಳ್ಳೆ ಕೆಲಸ ಮಾಡಿ ಅಂದರು, ಉಳಿದವರಿಗೆ ವಾರಕ್ಕೆ ಮೂರು ಜಾಗಕ್ಕೆ ಸುಮ್ನೆ ಹೋಗಿ ಬನ್ನಿ ಅಂದರು. ಮಕ್ಕಳು ಮಾಡಿದ್ದೇನು ಗೊತ್ತಾ? ಸುಸ್ತಾಗಿ ಬಂದ ಅಮ್ಮನನ್ನು ತಬ್ಬಿಕೊಂಡರು, ತಮ್ಮ ಊಟದಲ್ಲಿ ಸ್ವಲ್ಪ ಪಕ್ಕದವರಿಗೆ ಕೊಟ್ಟರು. ಇಂಥವೇ. ಎರಡೂ ಗುಂಪಿನವರು ಮೊದಲಿಗಿಂತ ಖುಷಿಯಾದರು. ಆದರೆ ‘ಯಾರ ಜೊತೆ ಸೇರಿ ಕೆಲಸ ಮಾಡೋಕೆ ಇಷ್ಟ’ ಅಂತ ಕ್ಲಾಸಿನವರನ್ನು ಕೇಳಿದಾಗ, ಒಳ್ಳೆ ಕೆಲಸ ಮಾಡಿದವರ ಹೆಸರನ್ನು ಆರಿಸಿದವರು ಮೊದಲಿಗಿಂತ ಜಾಸ್ತಿಯಾಗಿದ್ದರು. ಇನ್ನೊಂದು ಗುಂಪಿಗೆ ಅಷ್ಟು ಏರಿಕೆ ಇರಲಿಲ್ಲ. ಅವರೂ ಮೂರು ಮೂರು ಅಂತ ಎಣಿಸಿದರಲ್ಲ ಅಂತ ನೀವು ಕೇಳಬಹುದು. ಎಣಿಸಿದರು. ಆದರೆ ಯಾರು ಮುಂದೆ, ಯಾರು ಹಿಂದೆ ಅಂತ ಸ್ಪರ್ಧೆ ಕಟ್ಟಲಿಲ್ಲ.

ಈ ಅಧ್ಯಯನದಲ್ಲಿ ನಿಮ್ಮ ಹುಡುಗಿಗೆ ಬೇಕಾದ ಒಂದು ವಿಷಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಬಗ್ಗೆ, ಅಂದರೆ ದೊಡ್ಡವರ ಬಗ್ಗೆ. ಮಕ್ಕಳಿಗೆ ಬುದ್ಧಿ ಹೇಳುವ ಮುಂಚೆ ಒಂದು ದಿನ ಶಾಲೆಯಲ್ಲಿ ನಾವು ಹೇಗೆ ಮಾತಾಡುತ್ತೇವೆ ಅಂತ ಕಿವಿಗೊಟ್ಟು ಕೇಳಿ. ಮೂರು ದಿನ ಬಾರದ ಮಗು ನಾಲ್ಕನೇ ದಿನ ಬಂದರೆ ನಮ್ಮ ಬಾಯಲ್ಲಿ ಬರುವ ಮೊದಲ ಮಾತು ಯಾವುದು? “ಎಲ್ಲಿ ಹಾಳಾಗಿ ಹೋಗಿದ್ದೆ?” ಇಡೀ ಕ್ಲಾಸ್ ಅದನ್ನು ಕೇಳಿಸಿಕೊಳ್ಳುತ್ತದೆ. ಬಾರದೇ ಇದ್ದವರನ್ನು ಹೀಗೆ ಮಾತಾಡಿಸಬೇಕು ಅಂತ ಕಲಿಯುತ್ತದೆ.

ನಾನು ಸಿಆರ್‌ಪಿ ಆಗಿದ್ದಾಗ ಹೋಗುತ್ತಿದ್ದ ಒಂದು ಶಾಲೆಯಲ್ಲಿ ಅಡುಗೆ ಮಾಡುವ ಒಬ್ಬ ಅಮ್ಮ ಇದ್ದರು. ಸಾರು ಬಡಿಸುವಾಗ ಅವರು ತಟ್ಟೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ಸೌಟು ಎತ್ತುವಾಗಲೇ ಹೆಸರು ಹಿಡಿದು ಕರೆಯುತ್ತಿದ್ದರು. ನೂರಿಪ್ಪತ್ತು ಮಕ್ಕಳ ಹೆಸರು ಅವರಿಗೆ ಗೊತ್ತಿತ್ತು. ಒಂದು ದಿನ ನಾಲ್ಕನೇ ತರಗತಿಯ ಹುಡುಗನೊಬ್ಬ ತುಂಬಾ ದಿನದ ಮೇಲೆ ಬಂದಿದ್ದ. ಸಾಲಿನ ಕೊನೆಗೆ ತಲೆ ತಗ್ಗಿಸಿ ನಿಂತಿದ್ದ. ಅವರು ಸೌಟು ಕೆಳಗಿಟ್ಟು, “ಬಂದ್ಯಾ ಮಗಾ? ನೀನಿಲ್ದೆ ದಿನಾ ಒಂದು ಸೌಟು ಸಾರು ಉಳೀತಿತ್ತು ನೋಡು” ಅಂದರು. ಅಷ್ಟೇ. ಹುಡುಗ ತಲೆ ಎತ್ತಿದ. ಮುಂದಿದ್ದ ಇಬ್ಬರು ಹುಡುಗರು ಸರಿದು ಅವನಿಗೆ ಜಾಗ ಕೊಟ್ಟರು. ಆ ಶಾಲೆಯಲ್ಲಿ ಹೊಸದಾಗಿ ಬಂದ ಮಗುವಿಗೆ ಮೊದಲ ದಿನವೇ ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು. ಯಾರೂ ನಿಯಮ ಮಾಡಿರಲಿಲ್ಲ. ಅಲ್ಲಿನ ಮುಖ್ಯ ಶಿಕ್ಷಕರನ್ನು ಕೇಳಿದರೆ, “ನಮ್ಮದೇನಿಲ್ಲ ಸಾರ್, ಎಲ್ಲಾ ಅಡುಗೆಮನೆಯಿಂದ ಶುರುವಾಗಿದ್ದು” ಅಂದರು. ನಾನು ನಂಬಿದೆ.

2018ರಲ್ಲಿ ಅಮೆರಿಕದ ಹತ್ತು ಮಾಧ್ಯಮಿಕ ಕ್ಲಾಸ್‌ಗಳಲ್ಲಿ ಇಂಥದ್ದನ್ನೇ ಅಳೆದು ನೋಡಿದ್ದಾರೆ. ಟೀಚರ್ ಬಾಗಿಲಲ್ಲಿ ನಿಂತು ಪ್ರತಿ ಮಗುವನ್ನು ಹೆಸರು ಹಿಡಿದು ಮಾತಾಡಿಸಿ ಒಳಗೆ ಬಿಟ್ಟ ಕ್ಲಾಸ್‌ಗಳಲ್ಲಿ ಮಕ್ಕಳು ಪಾಠದಲ್ಲಿ ತೊಡಗುವ ಸಮಯ ಶೇಕಡಾವಾರು ಲೆಕ್ಕದಲ್ಲಿ 20 ಅಂಶ ಏರಿತು. ಗಲಾಟೆ 9 ಅಂಶ ಇಳಿಯಿತು. ಸ್ಯಾಟ್ಸ್ ಆನ್‌ಲೈನ್ ಹಾಜರಿ, ಮೊಟ್ಟೆ ಲೆಕ್ಕ, ಅಕ್ಕಿ ಲೆಕ್ಕ, ಮೀಟಿಂಗ್, ಇದರ ನಡುವೆ ಬಾಗಿಲಲ್ಲಿ ನಿಲ್ಲೋಕೆ ಎಲ್ಲಿ ಪುರುಸೊತ್ತು ಅಂತೀರಿ, ಅಲ್ವಾ? ನನಗೂ ಗೊತ್ತು. ಅದಕ್ಕೇ ಹೊಸ ಕೆಲಸ ಸೇರಿಸಿ ಅಂತ ನಾನು ಹೇಳುವುದಿಲ್ಲ. ಹೇಗೂ ಮಾಡುವ ಕೆಲಸಗಳಲ್ಲಿ ಅರ್ಧ ಕ್ಷಣ ತಲೆ ಎತ್ತಿ. ಹಾಜರಿ ಕೂಗುವಾಗ ಪುಸ್ತಕ ನೋಡಿ ಹೆಸರು ಕೂಗಿದ ಮೇಲೆ ಒಮ್ಮೆ ಆ ಮಗುವಿನ ಮುಖ ನೋಡಿ. ನೋಟ್‌ಬುಕ್ ತಿದ್ದಿದ ಮೇಲೆ ಮೇಜಿನ ಮೇಲಿಂದ ಎಸೆಯದೆ ಕೈಗೆ ಕೊಡಿ. 2013ರ ಆಗಸ್ಟ್ 1ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು ಬರುತ್ತಿದೆ. ಒಂದು ಮಗುವಿಗೆ 150 ಮಿಲಿಲೀಟರ್. ಅದನ್ನು ಕೊಡುವಾಗ ಲೋಟದ ಜೊತೆ ಒಂದು ಮಾತೂ ಹೋಗಲಿ.

ಈಗ ಆ ಹುಡುಗಿಯ ಮಾತಿನ ವಿಷಯ. ನನಗೆ ತುಂಬಾ ನೋವಾಗಿದ್ದು ಇಲ್ಲೇ. ಅವಳು “ಹೌದ್ರಿ ಟೀಚರ್” ಅಂದಾಗ ಕ್ಲಾಸ್ ನಕ್ಕಿರುತ್ತೆ. “ಹೊಂಟೀನ್ರಿ” ಅಂದಾಗ ಇನ್ನೂ ಜಾಸ್ತಿ ನಕ್ಕಿರುತ್ತೆ. ಆದರೆ ಆ ‘ರೀ’ ಏನು ಅಂತ ಯಾರಾದರೂ ಮಕ್ಕಳಿಗೆ ಹೇಳಿದ್ದಾರಾ? ಅದು ಗೌರವ. ಅವರ ಕಡೆ ದೊಡ್ಡವರ ಹತ್ತಿರ ‘ರೀ’ ಇಲ್ಲದೆ ಮಾತಾಡಿದರೆ ಈ ಮಗುವಿಗೆ ಸೊಕ್ಕು ಅನ್ನುತ್ತಾರೆ. ಆ ಮಗು ನಿಮಗೆ ಮರ್ಯಾದೆ ಕೊಡಲು ಹೋಗಿ ನಗೆಪಾಟಲಾಯಿತು. ಅವ್ವ ಹೇಳಿಕೊಟ್ಟ ಒಳ್ಳೆ ನಡತೆಯೇ ಇಲ್ಲಿ ತಪ್ಪಾಯಿತು ಅಂದರೆ, ಹತ್ತು ವರ್ಷದ ಮಗು ಬಾಯಿ ಮುಚ್ಚಿಕೊಳ್ಳದೆ ಇನ್ನೇನು ಮಾಡುತ್ತೆ?

ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲ ದಿನ ಅವಳು ಮಾತಾಡಿದಾಗ ನಿಮ್ಮ ಮುಖದಲ್ಲೂ ಸಣ್ಣ ನಗು ಬಂದಿತ್ತಾ? ಕೆಟ್ಟ ಮನಸ್ಸಿನಿಂದ ಅಲ್ಲ, ಮುದ್ದಾಗಿದೆ ಅಂತಲೇ ಇರಬಹುದು. ಮಕ್ಕಳು ಅದನ್ನು ಹಿಡಿದುಬಿಡುತ್ತಾರೆ. ಟೀಚರ್ ನಕ್ಕರೆ ನಗಬಹುದು ಅಂತ ಅರ್ಥ. ಹಾಗೆಯೇ ಅವಳ ಮಾತನ್ನು ತಿದ್ದಿ “ಹಾಗಲ್ಲ, ಹೀಗೆ ಹೇಳು” ಅಂದಿದ್ದರೆ, ಅವಳ ಕನ್ನಡ ತಪ್ಪು ಕನ್ನಡ ಅಂತ ಕ್ಲಾಸ್‌ಗೆ ಮೊಹರು ಒತ್ತಿಕೊಟ್ಟ ಹಾಗೆ.

ಇದಕ್ಕೆ ನಾನು ಬೇರೆ ಬೇರೆ ಶಾಲೆಗಳಲ್ಲಿ ಮಾಡಿಸಿ ನೋಡಿದ ಒಂದು ಪಾಠ ಇದೆ. ಅವಳನ್ನು ಎದ್ದು ನಿಲ್ಲಿಸಿ “ನಿಮ್ಮ ಭಾಷೆ ಮಾತಾಡು” ಅನ್ನಬೇಡಿ. ಅದು ಇನ್ನೊಂದು ಥರದ ಪ್ರದರ್ಶನ ಆಗುತ್ತೆ. ಎಲ್ಲ ಮಕ್ಕಳಿಗೂ ಒಂದೇ ಮನೆಗೆಲಸ ಕೊಡಿ: ಅಡುಗೆಮನೆಯ ಐದು ಸಾಮಾನಿಗೆ ನಿಮ್ಮ ಅಜ್ಜಿ ಏನಂತಾರೆ ಕೇಳಿ ಬನ್ನಿ. ಮಾರನೇ ದಿನ ಬೋರ್ಡ್ ಮೇಲೆ ಬರೆಯಿರಿ. ಈರುಳ್ಳಿ ಅಂತ ಒಬ್ಬರು ಹೇಳುತ್ತಾರೆ. ಮಂಗಳೂರು ಕಡೆಯ ಮಗು ಇದ್ದರೆ ನೀರುಳ್ಳಿ ಅನ್ನುತ್ತೆ. ನಿಮ್ಮ ಕಡೆ ತಮಿಳು ಮನೆಮಾತಿನವರು ಇದ್ದೇ ಇರುತ್ತಾರೆ, ಅವರದ್ದು ವೆಂಗಾಯಂ. ಉರ್ದು ಮನೆಮಾತಿನ ಮಗು ಪ್ಯಾಜ್ ಅನ್ನುತ್ತೆ. ಅವಳದ್ದು ಉಳ್ಳಾಗಡ್ಡಿ. ಕಡಲೆಕಾಯಿಯ ಸಾಲಲ್ಲಿ ಶೇಂಗಾ ಬರುತ್ತೆ. ಒಂದೇ ಬೋರ್ಡಿನ ಮೇಲೆ ಎಲ್ಲ ಸಾಲಾಗಿ ಕೂತಾಗ ಉಳ್ಳಾಗಡ್ಡಿ ವಿಚಿತ್ರ ಅನಿಸುವುದಿಲ್ಲ, ಎಲ್ಲರ ಮನೆಯಲ್ಲೂ ಒಂದೊಂದು ಹೆಸರಿದೆ ಅನಿಸುತ್ತದೆ. ಆಮೇಲೆ ನೀವೂ ದಿನಕ್ಕೊಂದು ಪದ ಬಳಸಿ. “ಭಾಳ ಚಲೋ ಬರೆದಿದ್ದೀಯ” ಅಂತ ಯಾವುದಾದರೂ ಬೇರೆ ಮಗುವಿಗೆ ಹೇಳಿ. ಅಣಕದ ಧಾಟಿ ಒಂಚೂರೂ ಬೇಡ, ಮನಸ್ಸಿಂದ ಹೇಳಿ. ಅವಳು ಎಲ್ಲಿ ಕೂತಿದ್ದರೂ ಕೇಳಿಸಿಕೊಳ್ಳುತ್ತಾಳೆ.

ಅಣಕಿಸುವವರನ್ನು ಏನು ಮಾಡುವುದು? ನಿಮ್ಮ 36ರಲ್ಲಿ ಅವರು ಮೂರೋ ನಾಲ್ಕೋ ಇರಬಹುದು. ಅವರನ್ನು ಪ್ರತ್ಯೇಕವಾಗಿ, ಒಬ್ಬೊಬ್ಬರನ್ನೇ ಕರೆದು ಮಾತಾಡಿ. ಕ್ಲಾಸ್ ಮುಂದೆ ಬೈದರೆ ಅವರಿಗೆ ವೇದಿಕೆ ಸಿಗುತ್ತದೆ, ಸೇಡು ಆ ಹುಡುಗಿಯ ಮೇಲೆ ತಿರುಗುತ್ತದೆ. ಹೊಡೆಯುವ ಮಾತೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದಕ್ಕಿಂತ ದೊಡ್ಡ ಮಾತು, ಅಣಕಿಸುವ ಹುಡುಗನ ಮನೆಮಾತನ್ನೂ ಹಿಂದೆ ಯಾರೋ ಆಡಿಕೊಂಡಿರಬಹುದು. ಅಂಥವರನ್ನು ನಾನು ನೋಡಿದ್ದೇನೆ. ನೆಮ್ಮದಿಯಾಗಿ ಕೂರಿಸಿ ಕೇಳಿದರೆ ಹೇಳುತ್ತಾರೆ.

ಆದರೆ ನನ್ನ ಕಣ್ಣು ಉಳಿದ ಮೂವತ್ತು ಮಂದಿಯ ಮೇಲೆ. ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಲ್ಮಿವಲ್ಲಿ 1996ರಲ್ಲೇ ಇದನ್ನು ಬಿಡಿಸಿ ತೋರಿಸಿದರು. ಪೀಡಿಸುವವರ ಸುತ್ತ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಪರವಾಗಿ ನಿಲ್ಲುವವರು ಇರುತ್ತಾರೆ. ಅಣಕಿಸುವವನಿಗೆ ಬೇಕಾಗಿರುವುದು ಆ ಹುಡುಗಿಯ ಕಣ್ಣೀರಿಗಿಂತ ಉಳಿದವರ ನಗು. ನಗು ನಿಂತರೆ ಅಣಕ ಸೊರಗುತ್ತದೆ. ಶಾಲೆಗಳಲ್ಲಿ ಪೀಡನೆ ತಡೆಯುವ ಅಲ್ಲಿನ ‘ಕಿವಾ’ ಕಾರ್ಯಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಕ್ಲಾಸಲ್ಲಿ ಎಲ್ಲರಿಗೂ ಬೇಕಾದ, ಮನಸ್ಸು ಮೃದು ಇರುವ ಕೆಲವು ಮಕ್ಕಳನ್ನು ಕರೆದು, ನೊಂದ ಮಗುವಿಗೆ ಹೇಗೆ ಜೊತೆಯಾಗಬಹುದು ಅಂತ ಕೇಳುತ್ತಾರೆ.

ನೀವೂ ಇಬ್ಬರನ್ನು ಆರಿಸಿ. “ಅವಳ ಫ್ರೆಂಡ್ ಆಗು” ಅನ್ನಬೇಡಿ. ಸ್ನೇಹ ಆರ್ಡರ್ ಮಾಡಿ ತರುವುದಲ್ಲ. “ಊಟಕ್ಕೆ ಕಂಬದ ಹತ್ತಿರ ಕೂರ್ತೀಯಾ? ಮಾತಾಡಲೇಬೇಕು ಅಂತಿಲ್ಲ” ಅಂತ ಕೇಳಿ. ಪಕ್ಕ ಕೂರುವುದು ಹತ್ತು ವರ್ಷದ ಮಗುವಿನ ಕೈಲಾಗುವ ಕೆಲಸ. ಮೊದಲೆರಡು ದಿನ ಸುಮ್ಮನೆ ಉಣ್ಣುತ್ತಾರೆ. ಮೂರನೇ ದಿನ ಉಪ್ಪಿನಕಾಯಿ ಬೇಕಾ ಅಂತ ಕೇಳುತ್ತಾರೆ.

ವ್ಯಾಂಕೂವರ್ ಅಧ್ಯಯನದಲ್ಲಿ ನಿಮ್ಮ ಹುಡುಗಿಗೆ ಬೇಕಾದ ವಿಷಯ ಇದೆ ಅಂದೆನಲ್ಲ, ಅದು ಈಗ. ಅಲ್ಲಿ ಕ್ಲಾಸಿನವರಿಗೆ ಬೇಕಾದವರಾಗಿದ್ದು ಸಹಾಯ ಮಾಡಿದ ಮಕ್ಕಳು. ನಾವು ಸಾಮಾನ್ಯವಾಗಿ ಮಾಡುವ ತಪ್ಪು ಏನೆಂದರೆ, ನೊಂದ ಮಗುವಿಗೆ ಎಲ್ಲರೂ ಕೊಡಲಿ ಅನ್ನುತ್ತೇವೆ. ಅವಳು ಬರೀ ಪಡೆಯುವವಳಾಗಿ ಉಳಿದುಬಿಡುತ್ತಾಳೆ. ‘ಪಾಪ’ ಅನಿಸಿಕೊಳ್ಳುವುದು ಒಂಟಿತನಕ್ಕಿಂತ ಬೇರೆ ನೋವು. ಅವಳ ಕೈಗೂ ಏನಾದರೂ ಕೊಡಿ. ಊಟದ ಹೊತ್ತಲ್ಲಿ ನೀರು ಹಾಕುವ ಕೆಲಸ, ಲೈಬ್ರರಿ ಪುಸ್ತಕ ಹಂಚುವ ಕೆಲಸ, ಒಂದನೇ ತರಗತಿಯ ಚಿಕ್ಕವರಿಗೆ ಕೈ ತೊಳೆಸುವ ಕೆಲಸ. ಇದರಲ್ಲಿ ಕೊನೆಯದೇ ನನಗೆ ಇಷ್ಟ. ಪುಟ್ಟ ಮಕ್ಕಳು ಯಾರ ಧಾಟಿಯನ್ನೂ ಅಣಕಿಸುವುದಿಲ್ಲ, ಕೈ ಹಿಡಿದುಕೊಳ್ಳುತ್ತವೆ. ಊರಲ್ಲಿ ಅವಳಿಗೆ ತಮ್ಮನೋ ತಂಗಿಯೋ ಇದ್ದರೆ ಅವಳಿಗೆ ಇದು ಗೊತ್ತಿರುವ ಕೆಲಸ.

ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಅವಳು ಕಂಬದ ಪಕ್ಕ ಕೂರುವುದಕ್ಕೆ ಮಾತಿನ ಧಾಟಿ ಮಾತ್ರ ಕಾರಣವಾ, ಅಥವಾ ಜಾತಿಯೂ ಇದೆಯಾ ಅಂತ ನೋಡಿ. ಊಟದ ಸಾಲಲ್ಲಿ ಯಾರ ಪಕ್ಕ ಯಾರು ಕೂರುವುದಿಲ್ಲ ಅಂತ ಒಂದು ವಾರ ಗಮನಿಸಿದರೆ ಗೊತ್ತಾಗುತ್ತದೆ. ಹಾಗಿದ್ದರೆ ಇದು ಪಕ್ಕ ಕೂರಿಸಿ ಸರಿಮಾಡುವ ವಿಷಯ ಅಲ್ಲ. ಅದು ಅಪರಾಧ. ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮುಂದೆ ಲಿಖಿತವಾಗಿ ಇಡಿ. ಮಗುವಿಗೆ ಹೊಡೆತ ಅಥವಾ ಬೇರೆ ಥರದ ಕಿರುಕುಳ ಇದೆ ಅಂತ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಸಣ್ಣ ಒಳ್ಳೆ ಕೆಲಸಗಳ ಮರೆಯಲ್ಲಿ ದೊಡ್ಡ ಅನ್ಯಾಯ ಅಡಗಿಕೊಳ್ಳಬಾರದು.

ಅವಳ ಮನೆಯವರಿಗೂ ಒಂದು ಫೋನ್ ಮಾಡಿ. ಬೆಳಗ್ಗೆ ಬೇಗ ಸೈಟ್ ಕೆಲಸಕ್ಕೆ ಹೋಗುವವರು, ಪೋಷಕರ ಸಭೆಗೆ ಬರಲಾರರು. ಶಾಲೆಯಿಂದ ಫೋನ್ ಬಂದರೆ ದೂರು ಅಂತಲೇ ಹೆದರುತ್ತಾರೆ. “ನಿಮ್ಮ ಮಗಳು ಚಿಕ್ಕ ಮಕ್ಕಳನ್ನ ಚೆನ್ನಾಗಿ ನೋಡ್ಕೋತಾಳೆ” ಅಂತ ಹೇಳಿ ಇಟ್ಟುಬಿಡಿ. ರಾತ್ರಿ ಶೆಡ್ಡಿನಲ್ಲಿ ಆ ಮಾತು ಅವಳ ಕಿವಿಗೂ ಬೀಳುತ್ತೆ.

ಎಷ್ಟು ದಿನ ಬೇಕು? ಅವಸರ ಬೇಡ, ಆದರೆ ತಡವೂ ಬೇಡ. ಕಟ್ಟಡ ಮುಗಿದರೆ ಆ ಕುಟುಂಬ ಬೇರೆ ಕಡೆ ಹೋಗಬಹುದು. ಯುಗಾದಿಗೆ ಊರಿಗೆ ಹೋದವರು ವಾಪಸ್ ಬರದೇ ಇರಬಹುದು. ನಿಮ್ಮ ಕೈಯಲ್ಲಿರುವುದು ಕೆಲವೇ ತಿಂಗಳು. ಈ ವಾರ ಒಂದು ಹಾಳೆ ತೆಗೆದುಕೊಂಡು ಊಟಕ್ಕೆ ಯಾರು ಎಲ್ಲಿ ಕೂರುತ್ತಾರೆ ಅಂತ ಗುರುತು ಹಾಕಿ, ಬೀರುವಿನಲ್ಲಿ ಇಟ್ಟುಬಿಡಿ. ಯಾರಿಗೂ ತೋರಿಸಬೇಡಿ. ನಾಲ್ಕು ವಾರ ಆದ ಮೇಲೆ ಇನ್ನೊಂದು ಹಾಳೆ ಬರೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂಬದ ಹತ್ತಿರ ಎಷ್ಟು ತಟ್ಟೆ ಇವೆ ಅಂತ ನನಗೆ ಬರೆಯಿರಿ.